ಕಾಂಬಿನೇಷನ್ ಇಲ್ಲದ ಪಿಯುಸಿ: ಇಂಗ್ಲೆಂಡಿನ ಸಿಕ್ಸ್ತ್ ಫಾರ್ಮ್‌ನಲ್ಲಿ ಮಾನವಿಕ ವಿಷಯಗಳ ಆಯ್ಕೆ

ಹಿಂದಿನ ವರ್ಷದ ನವೆಂಬರಿನಲ್ಲಿ ಒಂದು ಸಂಜೆ ನನ್ನ ಮಗಳು ಶಾಲೆಯಿಂದ ತಂದ ಹಾಳೆಯೊಂದನ್ನು ಊಟದ ಮೇಜಿನ ಮೇಲೆ ಇಟ್ಟಳು. ಅದರಲ್ಲಿ ನಾಲ್ಕು ಕಾಲಂಗಳಿದ್ದವು, ಪ್ರತಿ ಕಾಲಂನಲ್ಲಿ ಏಳೆಂಟು ವಿಷಯಗಳ ಹೆಸರಿದ್ದವು. ಒಂದು ಕಾಲಂನಿಂದ ಒಂದಕ್ಕಿಂತ ಹೆಚ್ಚು ವಿಷಯ ಆರಿಸುವಂತಿಲ್ಲ, ಒಟ್ಟು ಮೂರನ್ನು ಗುರುತು ಮಾಡಬೇಕು ಎಂಬ ಸೂಚನೆ ಕೆಳಗಿತ್ತು. ಅವಳಿಗೆ ಇತಿಹಾಸ, ಇಂಗ್ಲಿಷ್ ಸಾಹಿತ್ಯ ಮತ್ತು ಅರ್ಥಶಾಸ್ತ್ರದ ಮೇಲೆ ಮನಸ್ಸಿತ್ತು. ನಾನು ಮೊದಲು ಕೇಳಿದ್ದು, "ಇದು ಯಾವ ಕಾಂಬಿನೇಷನ್ ಆಗುತ್ತದೆ?" ಎಂದು. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ, ಏಕೆಂದರೆ ಇಲ್ಲಿನ ವ್ಯವಸ್ಥೆಯಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ.

ಕರ್ನಾಟಕದಲ್ಲಿ ಪಿಯುಸಿ ಓದಿದ ನಮ್ಮಂಥವರಿಗೆ ವಿಷಯಗಳು ಬಿಡಿಬಿಡಿಯಾಗಿ ಕಾಣುವುದಿಲ್ಲ, ಗಂಟು ಕಟ್ಟಿದಂತೆ ಕಾಣುತ್ತವೆ. ಎರಡು ಭಾಷೆಗಳು ಇದ್ದೇ ಇರುತ್ತವೆ. ಉಳಿದ ನಾಲ್ಕು ಐಚ್ಛಿಕ ವಿಷಯಗಳನ್ನು ಕಾಲೇಜೇ ಜೋಡಿಸಿ ಪಿಸಿಎಂಬಿ, ಎಚ್‌ಇಪಿಎಸ್ ಎಂದು ಹೆಸರಿಟ್ಟು ಮುಂದಿಡುತ್ತದೆ. ಸೈನ್ಸ್ ಮೇಲೆ, ಕಾಮರ್ಸ್ ನಡುವೆ, ಆರ್ಟ್ಸ್ ಕೆಳಗೆ ಎಂಬ ಮೂರು ಮೆಟ್ಟಿಲುಗಳೂ ಆ ಹೆಸರುಗಳ ಜೊತೆಗೆ ಸದ್ದಿಲ್ಲದೆ ಬಂದುಬಿಡುತ್ತವೆ. ಇಂಗ್ಲೆಂಡಿನ ಸಿಕ್ಸ್ತ್ ಫಾರ್ಮ್ ಎಂದರೆ ಹನ್ನೆರಡು ಮತ್ತು ಹದಿಮೂರನೆಯ ತರಗತಿಗಳು, ಅಂದರೆ ವಯಸ್ಸಿನ ಲೆಕ್ಕದಲ್ಲಿ ನಮ್ಮ ಪಿಯುಸಿ. ಆದರೆ ಇಲ್ಲಿ ಗಂಟು ಕಟ್ಟುವ ಕೆಲಸ ವಿದ್ಯಾರ್ಥಿಯದೇ. ಗಣಿತ, ಭೌತಶಾಸ್ತ್ರ, ಇತಿಹಾಸ ಎಂದು ಒಬ್ಬರು ಆರಿಸಿದರೆ, ಜೀವಶಾಸ್ತ್ರ, ಭೂಗೋಳ, ಧರ್ಮಾಧ್ಯಯನ ಎಂದು ಇನ್ನೊಬ್ಬರು ಆರಿಸಬಹುದು. ಯಾವ ಭಾಷೆಯೂ ಕಡ್ಡಾಯವಲ್ಲ. ಹದಿನಾರನೆಯ ವಯಸ್ಸಿನಲ್ಲಿ ಬರೆಯುವ ಜಿಸಿಎಸ್‌ಇ ಪರೀಕ್ಷೆಯಲ್ಲಿ ಇಂಗ್ಲಿಷ್ ಮತ್ತು ಗಣಿತ ಎರಡರಲ್ಲೂ ಗ್ರೇಡ್ 4 ಬಂದಿದ್ದರೆ, ಮುಂದೆ ಅವನ್ನು ಮುಟ್ಟದೆಯೂ ಇರಬಹುದು.

ಈ ಸ್ವಾತಂತ್ರ್ಯ ಅಗ್ಗವಾಗಿ ಸಿಗುವುದಿಲ್ಲ. ಹದಿನಾರನೆಯ ವಯಸ್ಸಿನವರೆಗೆ ಒಂಬತ್ತೋ ಹತ್ತೋ ವಿಷಯ ಓದಿದ ಮಗು ಒಮ್ಮೆಲೇ ಮೂರಕ್ಕೆ ಇಳಿಯುತ್ತದೆ. ಹೀಗೆ ಆರಿಸಿದ ಒಂದು ವಿಷಯದ ಓದು ಮತ್ತು ಪರೀಕ್ಷೆಗೆ ಎ-ಲೆವೆಲ್ ಎಂದು ಹೆಸರು. ಒಂದೊಂದು ಎ-ಲೆವೆಲ್‌ಗೂ ಎರಡು ವರ್ಷಗಳಲ್ಲಿ ಸುಮಾರು 360 ಗಂಟೆಗಳ ಬೋಧನೆ ಎಂಬ ಲೆಕ್ಕವಿದೆ. 2015ರಿಂದ ಹಂತಹಂತವಾಗಿ ಜಾರಿಗೆ ಬಂದ ಸುಧಾರಣೆಯ ನಂತರ ಎಲ್ಲ ಪರೀಕ್ಷೆಗಳೂ ಎರಡನೆಯ ವರ್ಷದ ಕೊನೆಗೆ ಒಟ್ಟಿಗೆ ಬರುತ್ತವೆ. ಮೊದಲ ವರ್ಷದ ಅಂಕಗಳನ್ನು ಜೇಬಿನಲ್ಲಿಟ್ಟುಕೊಂಡು ಎರಡನೆಯ ವರ್ಷಕ್ಕೆ ಹೋಗುವ ಹಳೆಯ ಕ್ರಮ ಈಗಿಲ್ಲ. ಆದ್ದರಿಂದ ಆರು ವಿಷಯಗಳಲ್ಲಿ ಒಂದು ಹಿಡಿಸದಿದ್ದರೆ ಉಳಿದ ಐದರಲ್ಲಿ ಸರಿದೂಗಿಸಬಹುದು ಎಂಬ ನಮ್ಮ ಲೆಕ್ಕಾಚಾರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಿಡಿಸದ ಒಂದು ವಿಷಯ ಎಂದರೆ ಎರಡು ವರ್ಷಗಳ ಮೂರನೆಯ ಒಂದು ಭಾಗ. ನಾನಿಲ್ಲಿ ಹೇಳುತ್ತಿರುವುದು ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡಿನಲ್ಲಿ ಹೈಯರ್ ಎಂಬ ಬೇರೆಯೇ ಪದ್ಧತಿಯಿದೆ.

ಹೀಗಿರುವಾಗ ವಿಷಯದ ಹೆಸರಿಗೆ ಎಷ್ಟು ಗೌರವವಿದೆ ಎಂಬುದನ್ನು ಬಿಟ್ಟು, ಆ ವಿಷಯ ವಾರಕ್ಕೆ ವಾರ ವಿದ್ಯಾರ್ಥಿಯಿಂದ ಯಾವ ಬಗೆಯ ಕೆಲಸ ಮಾಡಿಸುತ್ತದೆ ಎಂಬುದನ್ನು ನೋಡಿ ಆರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಾನವಿಕ ವಿಷಯಗಳಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಹೊರಗಿನಿಂದ ಅವೆಲ್ಲವೂ ಓದುವ, ಬರೆಯುವ ವಿಷಯಗಳಾಗಿ ಒಂದೇ ತರಹ ಕಾಣುತ್ತವೆ, ಒಳಹೊಕ್ಕರೆ ಒಂದೊಂದರ ಓದೂ ಬರಹವೂ ಬೇರೆ.

ಇತಿಹಾಸವನ್ನೇ ಹತ್ತಿರದಿಂದ ನೋಡೋಣ. ನಮ್ಮ ಕಾಲದ ಪಿಯುಸಿ ಪ್ರಶ್ನೆಪತ್ರಿಕೆ ಉಪ್ಪಿನ ಸತ್ಯಾಗ್ರಹದ ಬಗ್ಗೆ ಟಿಪ್ಪಣಿ ಬರೆಯಿರಿ ಎಂದೋ, ಗಾಂಧೀಜಿಯವರ ಹೋರಾಟದ ಹಂತಗಳನ್ನು ವಿವರಿಸಿ ಎಂದೋ ಕೇಳುತ್ತಿತ್ತು. ಎಡೆಕ್ಸೆಲ್ ಪರೀಕ್ಷಾ ಮಂಡಳಿಯ ಎ-ಲೆವೆಲ್ ಇತಿಹಾಸದಲ್ಲಿ ಸುಮಾರು 1914ರಿಂದ 1948ರವರೆಗಿನ ಭಾರತ ಒಂದು ಐಚ್ಛಿಕ ಭಾಗವಾಗಿದೆ. ಅಲ್ಲಿ ಬರುವ ಪ್ರಶ್ನೆಯ ಧಾಟಿ ಹೀಗಿರುತ್ತದೆ: 1930ರ ದಶಕದ ಮೊದಲ ಭಾಗದಲ್ಲಿ ಬ್ರಿಟಿಷ್ ಸರ್ಕಾರದ ನೀತಿ ಬದಲಾದದ್ದಕ್ಕೆ ಕಾನೂನುಭಂಗ ಚಳವಳಿಯೇ ಮುಖ್ಯ ಕಾರಣ ಎಂಬ ಮಾತನ್ನು ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ? 1930ರ ಮಾರ್ಚ್ 12ರಂದು ಯಾತ್ರೆ ಹೊರಟಿತು, ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪು ಹಿಡಿದರು ಎಂದು ಬರೆದರೆ ಇದಕ್ಕೆ ಉತ್ತರವಾಗುವುದಿಲ್ಲ. ಚಳವಳಿಯ ಒತ್ತಡವಿಲ್ಲದೆ 1931ರ ಮಾರ್ಚಿನ ಗಾಂಧಿ-ಇರ್ವಿನ್ ಒಪ್ಪಂದವನ್ನು ಊಹಿಸುವುದು ಕಷ್ಟ ಎಂದು ಒಂದು ಕಡೆ ವಾದಿಸಬೇಕು. ಆದರೆ ಭಾರತದ ಆಡಳಿತ ಸುಧಾರಣೆಯನ್ನು ಪರಿಶೀಲಿಸುವ ಸೈಮನ್ ಆಯೋಗ ನೇಮಕವಾದದ್ದು 1927ರಲ್ಲಿ. ಡೊಮಿನಿಯನ್ ಸ್ಥಾನಮಾನದ, ಅಂದರೆ ಸಾಮ್ರಾಜ್ಯದೊಳಗಿನ ಸ್ವಯಂ ಆಡಳಿತದ ಬಗ್ಗೆ ವೈಸರಾಯ್ ಇರ್ವಿನ್ ಘೋಷಣೆ ಮಾಡಿದ್ದು 1929ರ ಅಕ್ಟೋಬರಿನಲ್ಲಿ. ಎರಡೂ ಉಪ್ಪಿನ ಯಾತ್ರೆಗಿಂತ ಮೊದಲು. ಹಾಗಾದರೆ ಬದಲಾವಣೆ ಅದಾಗಲೇ ಶುರುವಾಗಿತ್ತೇ? 1935ರ ಭಾರತ ಸರ್ಕಾರದ ಕಾಯ್ದೆಯನ್ನು ಚರ್ಚಿಲ್ ಮತ್ತು ಅವರ ಬೆಂಬಲಿಗರು ಅಷ್ಟು ಬಲವಾಗಿ ವಿರೋಧಿಸಿದರೂ ಅದು ಅಂಗೀಕಾರವಾದದ್ದು ಏನನ್ನು ತೋರಿಸುತ್ತದೆ? ಇವೆಲ್ಲವನ್ನೂ ತೂಗಿ, ಕೊನೆಯಲ್ಲಿ ಒಂದು ತೀರ್ಮಾನಕ್ಕೆ ಬಂದು, ಅದನ್ನು ಮುಕ್ಕಾಲು ಗಂಟೆಯ ಆಸುಪಾಸಿನಲ್ಲಿ ಕೈಬರಹದಲ್ಲಿ ಇಳಿಸಬೇಕು.

ಇದಕ್ಕೆ ನೆನಪಿನ ಶಕ್ತಿ ಬೇಕು, ಆದರೆ ಅದು ಕಾಲು ಭಾಗ. ಉಳಿದದ್ದು ಒಂದು ಮಾತನ್ನು ಎರಡೂ ಕಡೆಯಿಂದ ಎಳೆದು ನೋಡುವ ಅಭ್ಯಾಸ. ಇದಲ್ಲದೆ ಆ ಕಾಲದ ದಾಖಲೆಗಳನ್ನು ಮುಂದಿಟ್ಟು, ಇವು ಯಾರ ಬರಹ, ಯಾರಿಗಾಗಿ ಬರೆದವು, ಎಷ್ಟು ನಂಬಬಹುದು ಎಂದು ಕೇಳುವ ಭಾಗವಿದೆ. ಇತಿಹಾಸಕಾರರ ಭಿನ್ನ ವ್ಯಾಖ್ಯಾನಗಳನ್ನು ಪರಿಶೀಲಿಸುವ ಭಾಗವೂ ಇದೆ. ಒಟ್ಟು ಅಂಕಗಳಲ್ಲಿ ಶೇ. 20ರಷ್ಟು ವಿದ್ಯಾರ್ಥಿ ಸ್ವಂತವಾಗಿ ಸಿದ್ಧಪಡಿಸುವ, ಮಂಡಳಿಗೆ ತಕ್ಕಂತೆ ಮೂರರಿಂದ ನಾಲ್ಕೂವರೆ ಸಾವಿರ ಪದಗಳ ಕೋರ್ಸ್‌ವರ್ಕ್‌ಗೆ ಸಲ್ಲುತ್ತವೆ. ಯಾವ ಕಾಲಘಟ್ಟವನ್ನು ಓದಿಸುತ್ತಾರೆ ಎಂಬುದು ಶಾಲೆಯ ನಿರ್ಧಾರ. ಒಂದು ಶಾಲೆಯಲ್ಲಿ ಟ್ಯೂಡರ್ ಅರಸರು ಮತ್ತು ರಷ್ಯಾದ ಕ್ರಾಂತಿ ಇದ್ದರೆ, ಪಕ್ಕದ ಶಾಲೆಯಲ್ಲಿ ಜರ್ಮನಿ ಮತ್ತು ಶೀತಲ ಸಮರ ಇರಬಹುದು. ಭಾರತದ ಭಾಗ ಓದಬೇಕೆಂಬ ಆಸೆಯಿಂದ ಇತಿಹಾಸ ಆರಿಸುವ ಮಗು, ಸೇರುವ ಶಾಲೆ ಅದನ್ನು ಕಲಿಸುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಇಂಗ್ಲಿಷ್ ಸಾಹಿತ್ಯದ ಕೆಲಸವನ್ನು ಕನ್ನಡ ಮನೆಗಳಿಗೆ ವಿವರಿಸಲು ನಮ್ಮದೇ ಒಂದು ಪ್ರಶ್ನೆ ನೆರವಿಗೆ ಬರುತ್ತದೆ: ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ. ನಾವು ಹೆಚ್ಚಿನವರು ಸಂದರ್ಭವನ್ನು ನಾಲ್ಕು ಸಾಲು ಬರೆದು, ಸ್ವಾರಸ್ಯವನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಿದ್ದೆವು. ಎ-ಲೆವೆಲ್ ಸಾಹಿತ್ಯದಲ್ಲಿ ಅಂಕ ಸಿಗುವುದು ಆ ಸ್ವಾರಸ್ಯಕ್ಕೆ. ಕವಿ ಈ ಪದವನ್ನೇ ಏಕೆ ಆರಿಸಿದ, ಸಾಲನ್ನು ಇಲ್ಲಿಯೇ ಏಕೆ ಮುರಿದ, ಆ ಮುರಿತದಿಂದ ಓದುಗನ ಉಸಿರಿಗೆ ಏನಾಯಿತು ಎಂದು ಪುಟಗಟ್ಟಲೆ ಬರೆಯಬೇಕು, ಅದೂ ಕೆಲವೊಮ್ಮೆ ಹಿಂದೆಂದೂ ನೋಡದ ಕವಿತೆಯ ಬಗ್ಗೆ. ಎರಡು ವರ್ಷಗಳಲ್ಲಿ ಕನಿಷ್ಠ ಎಂಟು ಕೃತಿಗಳನ್ನು ಓದಬೇಕು. ಅವುಗಳಲ್ಲಿ ಮೂರು 1900ಕ್ಕಿಂತ ಹಿಂದಿನವು, ಆ ಮೂರರಲ್ಲಿ ಒಂದು ಶೇಕ್ಸ್‌ಪಿಯರನದು, ಮತ್ತು ಒಂದಾದರೂ 2000ದ ನಂತರದ್ದು ಆಗಿರಬೇಕು ಎಂಬ ನಿಯಮವಿದೆ. ಕಥೆ ಓದುವುದು ಇಷ್ಟ ಎಂಬ ಒಂದೇ ಕಾರಣಕ್ಕೆ ಇದನ್ನು ಆರಿಸಿದವರು, ಓದಿದ ಪುಟವನ್ನೇ ಹತ್ತು ಬಾರಿ ಬಿಡಿಸಿ ನೋಡಬೇಕಾದಾಗ ಬೇಸರಪಡುವುದುಂಟು.

ಇಂಗ್ಲಿಷ್ ಭಾಷೆ ಎಂಬ ಇನ್ನೊಂದು ಎ-ಲೆವೆಲ್ ಇದೆ. ಇದನ್ನು ಸಾಹಿತ್ಯದ ಸುಲಭ ರೂಪ ಎಂದು ತಿಳಿಯುವುದು ತಪ್ಪು. ಅದು ಭಾಷಾವಿಜ್ಞಾನಕ್ಕೆ ಹತ್ತಿರವಾದದ್ದು: ಮಗು ಮಾತು ಕಲಿಯುವ ಬಗೆ, ಭಾಷೆ ಕಾಲಕಾಲಕ್ಕೆ ಬದಲಾಗುವ ಬಗೆ, ಊರು ಮತ್ತು ವರ್ಗಕ್ಕೆ ತಕ್ಕಂತೆ ಮಾತು ಬೇರೆಯಾಗುವ ಬಗೆ. ಮನೆಯಲ್ಲಿ ಕನ್ನಡ, ಹೊರಗೆ ಇಂಗ್ಲಿಷ್ ಎಂದು ದಿನವಿಡೀ ದಾಟುತ್ತಾ ಬೆಳೆದ ಮಕ್ಕಳಿಗೆ ಈ ವಿಷಯದಲ್ಲಿ ಸಹಜವಾದ ಕುತೂಹಲ ಇರುವುದನ್ನು ನಾನು ಕಂಡಿದ್ದೇನೆ. ಆದರೂ ತಂದೆತಾಯಿಗಳ ಮಾತಿನಲ್ಲಿ ಇದರ ಹೆಸರು ಬರುವುದೇ ಅಪರೂಪ.

ಭೂಗೋಳದ ಬಗ್ಗೆ ಹೇಳಲೇಬೇಕಾದ ಸಂಗತಿ, ಅದು ಅರ್ಧ ವಿಜ್ಞಾನ. ಕರಾವಳಿಯ ಸವೆತ, ನೀರಿನ ಚಕ್ರ, ಇಂಗಾಲದ ಚಕ್ರಗಳ ಪಕ್ಕದಲ್ಲಿಯೇ ನಗರಗಳ ಬೆಳವಣಿಗೆ, ವಲಸೆ, ಜಾಗತಿಕ ವ್ಯಾಪಾರ ಇರುತ್ತವೆ. ಕನಿಷ್ಠ ನಾಲ್ಕು ದಿನಗಳ ಕ್ಷೇತ್ರಕಾರ್ಯ ಕಡ್ಡಾಯ, ಮತ್ತು ಅಲ್ಲಿ ಕಲೆಹಾಕಿದ ಅಂಕಿ-ಅಂಶಗಳ ಮೇಲೆ ಬರೆಯುವ ಸ್ವತಂತ್ರ ಅಧ್ಯಯನಕ್ಕೆ ಶೇ. 20 ಅಂಕ. ಅಂಕಿಗಳನ್ನು ಕಂಡರೆ ಹಿಂಜರಿಯದ, ಆದರೆ ಜನರ ಬದುಕಿನ ಕಡೆಗೂ ಮನಸ್ಸಿರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಸೇತುವೆ ಇಲ್ಲ.

ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಧರ್ಮಾಧ್ಯಯನ ಮತ್ತು ತತ್ತ್ವಶಾಸ್ತ್ರಗಳಲ್ಲಿ ಕೋರ್ಸ್‌ವರ್ಕ್ ಇಲ್ಲ, ಎಲ್ಲವೂ ಕೊನೆಯ ಪರೀಕ್ಷೆಯ ಮೇಲೆಯೇ ನಿಂತಿದೆ. ರಾಜ್ಯಶಾಸ್ತ್ರಕ್ಕೆ ಬ್ರಿಟಿಷ್ ಸಂಸತ್ತು, ಪಕ್ಷಗಳು ಮತ್ತು ಚುನಾವಣೆಗಳ ಜೊತೆ ಉದಾರವಾದ, ಸಂಪ್ರದಾಯವಾದ, ಸಮಾಜವಾದದಂಥ ವಿಚಾರಧಾರೆಗಳೂ ಸೇರಿವೆ. ದಿನಪತ್ರಿಕೆ ಓದುವ ಅಭ್ಯಾಸವಿಲ್ಲದವರಿಗೆ ಅದು ಒಣಗಿದಂತೆ ಕಾಣಬಹುದು, ಏಕೆಂದರೆ ಉತ್ತರದಲ್ಲಿ ಇತ್ತೀಚಿನ ಉದಾಹರಣೆಗಳಿರಬೇಕೆಂದು ಪರೀಕ್ಷಕರು ಬಯಸುತ್ತಾರೆ. ಸಮಾಜಶಾಸ್ತ್ರದಲ್ಲಿ ಕುಟುಂಬ, ಶಿಕ್ಷಣ, ಅಪರಾಧ ಮುಂತಾದ ವಿಷಯಗಳನ್ನು ಮಾರ್ಕ್ಸ್, ಡರ್ಕೈಮ್, ವೇಬರ್ ಮೊದಲಾದವರ ಸಿದ್ಧಾಂತಗಳ ಬೆಳಕಿನಲ್ಲಿ ನೋಡುತ್ತಾರೆ.

ಧರ್ಮಾಧ್ಯಯನ ಎಂಬ ಹೆಸರು ಕೇಳಿ ಅನೇಕ ಮನೆಗಳಲ್ಲಿ ಅದನ್ನು ಕೂಡಲೇ ಬದಿಗೆ ಸರಿಸುತ್ತಾರೆ, ಬೈಬಲ್ ತರಗತಿ ಇರಬೇಕು ಎಂದುಕೊಂಡು. ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ. ಅದರ ಎರಡು ಭಾಗಗಳು ಧರ್ಮದ ತತ್ತ್ವಶಾಸ್ತ್ರ ಮತ್ತು ನೀತಿಶಾಸ್ತ್ರ. ದೇವರಿದ್ದಾನೆ ಎಂಬುದಕ್ಕೆ ಕೊಟ್ಟ ವಾದಗಳು, ಕೇಡು ಇರುವ ಜಗತ್ತಿನಲ್ಲಿ ಆ ವಾದಗಳು ಎದುರಿಸುವ ತೊಡಕು, ದಯಾಮರಣದಂಥ ಪ್ರಶ್ನೆಗಳು ಅಲ್ಲಿ ಬರುತ್ತವೆ. ಮೂರನೆಯ ಭಾಗ ಒಂದು ಧರ್ಮದ ಅಧ್ಯಯನ. ಒಸಿಆರ್ ಮಂಡಳಿಯ ಪಠ್ಯಕ್ರಮದಲ್ಲಿ ಹಿಂದೂ ಧರ್ಮವೂ ಒಂದು ಆಯ್ಕೆಯಾಗಿದೆ, ಆದರೆ ಯಾವ ಧರ್ಮ ಎಂಬುದನ್ನು ಶಾಲೆ ನಿರ್ಧರಿಸುತ್ತದೆ. ಶುದ್ಧ ತತ್ತ್ವಶಾಸ್ತ್ರದ ಎ-ಲೆವೆಲ್ ನಡೆಸುವುದು ಎಕ್ಯೂಎ ಮಂಡಳಿಯೊಂದೇ. ಜ್ಞಾನ ಎಂದರೇನು, ಮನಸ್ಸು ಮತ್ತು ದೇಹದ ಸಂಬಂಧವೇನು ಎಂದು ಕೇಳುವ ಅದರಲ್ಲಿ ಒಂದು ವಾದವನ್ನು ಗಣಿತದ ಮೆಟ್ಟಿಲುಗಳಂತೆ ಬಿಡಿಸಬೇಕಾಗುತ್ತದೆ. ಗಣಿತ ಚೆನ್ನಾಗಿ ಬರುವ ಮಕ್ಕಳು ಅದರಲ್ಲಿ ಮಿಂಚಿದರೆ ಆಶ್ಚರ್ಯಪಡಬೇಕಾಗಿಲ್ಲ.

ಇನ್ನು ಬಾಗಿಲುಗಳ ಮಾತು, ತಂದೆತಾಯಿಗಳು ನಿದ್ದೆಗೆಡುವುದು ಇದಕ್ಕೇ. ಹಿಂದೆ ಸಂಶೋಧನೆಗೆ ಹೆಸರಾದ ರಸೆಲ್ ಗ್ರೂಪ್ ಎಂಬ ಕೂಟದ 24 ವಿಶ್ವವಿದ್ಯಾಲಯಗಳು ಪದವಿಗಳ ಬಾಗಿಲು ತೆರೆಯುವ ವಿಷಯಗಳು ಎಂದು ಒಂದು ಪಟ್ಟಿ ಇಟ್ಟುಕೊಂಡಿದ್ದವು. ಇತಿಹಾಸ, ಭೂಗೋಳ, ಇಂಗ್ಲಿಷ್ ಸಾಹಿತ್ಯ ಮತ್ತು ಭಾಷೆಗಳು ಗಣಿತ, ವಿಜ್ಞಾನಗಳ ಜೊತೆಗೆ ಅದರಲ್ಲಿದ್ದವು. 2019ರಲ್ಲಿ ಆ ಪಟ್ಟಿಯನ್ನು ಕೈಬಿಟ್ಟರು. ಆದರೂ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಅದು ಇಂದಿಗೂ ತಿರುಗುತ್ತಿದೆ. ಈಗ ಮಾಡಬೇಕಾದದ್ದು, ಮನಸ್ಸಿನಲ್ಲಿರುವ ಎರಡು ಮೂರು ಪದವಿಗಳ ಪ್ರವೇಶದ ಷರತ್ತನ್ನು ಆಯಾ ವಿಶ್ವವಿದ್ಯಾಲಯದ ಪುಟದಲ್ಲಿಯೇ ನೋಡುವುದು. ನೋಡಿದಾಗ ನಮ್ಮ ಊಹೆಗಳಲ್ಲಿ ಹಲವು ತಲೆಕೆಳಗಾಗುತ್ತವೆ. ಕಾನೂನು ಪದವಿಗೆ ಎ-ಲೆವೆಲ್ ಕಾನೂನು ಬೇಕಿಲ್ಲ. ಇತಿಹಾಸ, ಸಾಹಿತ್ಯದಂಥ ಪ್ರಬಂಧ ಬರೆಸುವ ಯಾವ ವಿಷಯವೂ ಅದಕ್ಕೆ ಒಳ್ಳೆಯ ತಳಪಾಯ, ಮತ್ತು ಕೆಲವು ವಿಶ್ವವಿದ್ಯಾಲಯಗಳು ಎಲ್‌ನ್ಯಾಟ್ ಎಂಬ ಪ್ರವೇಶ ಪರೀಕ್ಷೆಯನ್ನು ಕೇಳುತ್ತವೆ. ಇದಕ್ಕೆ ವಿರುದ್ಧವಾಗಿ, ಕೇಂಬ್ರಿಜ್ ಮತ್ತು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಂಥ ಕಡೆ ಅರ್ಥಶಾಸ್ತ್ರದ ಪದವಿಗೆ ಎ-ಲೆವೆಲ್ ಗಣಿತ ಬೇಕೇ ಬೇಕು, ಎ-ಲೆವೆಲ್ ಅರ್ಥಶಾಸ್ತ್ರ ಇಲ್ಲದಿದ್ದರೂ ನಡೆಯುತ್ತದೆ. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದುವವರಿಗೆ ಎ-ಲೆವೆಲ್‌ನಲ್ಲಿ ಸಾಹಿತ್ಯ ಇರಲೇಬೇಕು, ಅಥವಾ ಭಾಷೆ-ಸಾಹಿತ್ಯ ಎರಡನ್ನೂ ಸೇರಿಸಿದ ವಿಷಯವಾದರೂ ಇರಬೇಕು. ವೈದ್ಯಕೀಯಕ್ಕೆ ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಇದ್ದರೆ, ಹೆಚ್ಚಿನ ಕಾಲೇಜುಗಳಲ್ಲಿ ಮೂರನೆಯದು ಇತಿಹಾಸವಾದರೂ ಆದೀತು. ಮಾನವಿಕ ವಿಷಯ ತೆಗೆದುಕೊಂಡರೆ ಡಾಕ್ಟರ್ ಆಗುವ ದಾರಿ ಮುಚ್ಚುತ್ತದೆ ಎಂದು ನಂಬಿರುವ ಮನೆಗಳು ಈ ಒಂದು ಸಂಗತಿಯನ್ನಾದರೂ ತಿಳಿದಿರಬೇಕು. ವಿಶ್ವವಿದ್ಯಾಲಯಗಳ ಅರ್ಜಿಗಳನ್ನು ನಿಭಾಯಿಸುವ ಯೂಕ್ಯಾಸ್ ಸಂಸ್ಥೆಯ ಅಂಕಗಳ ಪಟ್ಟಿಯಲ್ಲಿಯೂ ಎ ಗ್ರೇಡ್‌ಗೆ 48, ಬಿ ಗ್ರೇಡ್‌ಗೆ 40. ಅದು ಭೌತಶಾಸ್ತ್ರದ ಎ ಆದರೂ ಸಮಾಜಶಾಸ್ತ್ರದ ಎ ಆದರೂ ಲೆಕ್ಕ ಒಂದೇ.

ಮೂರು ವಿಷಯಗಳು ಒಂದರ ಪಕ್ಕ ಒಂದು ಹೇಗೆ ಕೂರುತ್ತವೆ ಎಂಬುದನ್ನೂ ನೋಡಬೇಕು. ಇತಿಹಾಸ, ಸಾಹಿತ್ಯ, ರಾಜ್ಯಶಾಸ್ತ್ರ ಮೂರನ್ನೂ ತೆಗೆದುಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಬರೆಯುವುದನ್ನು ಪ್ರೀತಿಸುವ ಮಗುವಿಗೆ ಅದು ಹಬ್ಬವೂ ಆಗಬಹುದು. ಆದರೆ ವಾರಕ್ಕೆ ಎರಡು ಮೂರು ಪ್ರಬಂಧಗಳು ಬೀಳುತ್ತವೆ, ಮತ್ತು ಇತಿಹಾಸ, ಸಾಹಿತ್ಯಗಳ ಕೋರ್ಸ್‌ವರ್ಕ್ ಹದಿಮೂರನೆಯ ತರಗತಿಯ ಒಂದೇ ಹೊತ್ತಿಗೆ, ವಿಶ್ವವಿದ್ಯಾಲಯದ ಅರ್ಜಿಯ ಕೆಲಸದ ಜೊತೆಯಲ್ಲಿಯೇ, ಬಂದು ಬೀಳುವ ಸಂಭವ ಹೆಚ್ಚು. ಬರಹ ನಿಧಾನವಾಗಿರುವವರು ಅಥವಾ ದಣಿಯುವವರು ಒಂದು ಸ್ಥಾನದಲ್ಲಿ ಗಣಿತವನ್ನೋ ಒಂದು ಭಾಷೆಯನ್ನೋ ಇಟ್ಟುಕೊಂಡರೆ ಮನಸ್ಸಿಗೂ ಕೈಗೂ ಬಿಡುವು ಸಿಗುತ್ತದೆ. ಫ್ರೆಂಚ್, ಸ್ಪ್ಯಾನಿಷ್‌ನಂಥ ಭಾಷೆಗಳಲ್ಲಿ ಮಾತಿನ ಪರೀಕ್ಷೆಯೂ ಇದೆ. ನಮ್ಮ ಕಡೆಯ ಭಾಷೆಗಳಲ್ಲಿ ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಿಗೆ ಎ-ಲೆವೆಲ್ ಇದೆ, ಕನ್ನಡಕ್ಕಿಲ್ಲ. ಇದು ನೋವಿನ ಮಾತೇ.

ಆದರೆ ಕನ್ನಡ ನಾಡಿನ ಕಥೆಯನ್ನು ಸಿಕ್ಸ್ತ್ ಫಾರ್ಮ್ ಒಳಕ್ಕೆ ತರಲು ಇನ್ನೊಂದು ದಾರಿಯಿದೆ. ಇಪಿಕ್ಯೂ ಎಂಬುದು ವಿದ್ಯಾರ್ಥಿ ತಾನೇ ಪ್ರಶ್ನೆ ಹಾಕಿಕೊಂಡು ಸುಮಾರು 5,000 ಪದಗಳ ಪ್ರಬಂಧ ಬರೆದು, ತನ್ನ ಕೆಲಸದ ದಿನಚರಿ ಇಟ್ಟು, ಕೊನೆಗೆ ಅದನ್ನು ಎಲ್ಲರ ಮುಂದೆ ಮಂಡಿಸುವ ಯೋಜನೆ. ಅದರ ತೂಕ ಅರ್ಧ ಎ-ಲೆವೆಲ್. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಮರದ ಹುಲಿ ಲಂಡನ್ ಸೇರಿತು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಜನರಿಗೆ ಕಾಣಿಸಿಕೊಂಡ ಅದು ಇಂದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಆ ಹುಲಿಯನ್ನು ಇನ್ನೂರು ವರ್ಷಗಳಲ್ಲಿ ಲಂಡನ್ನಿನ ಜನ ಯಾವ ಯಾವ ಕಣ್ಣಿನಿಂದ ನೋಡಿದರು ಎಂಬುದೇ ಒಂದು ಒಳ್ಳೆಯ ಪ್ರಶ್ನೆ. ಇತಿಹಾಸದ ಪದವಿಗೆ ಅರ್ಜಿ ಹಾಕುವ ಮಗುವಿಗೆ ಅದರ ಬಗ್ಗೆ ಹೇಳಿಕೊಳ್ಳಲು ತನ್ನದೇ ಆದ ಮಾತುಗಳಿರುತ್ತವೆ.

ನಮ್ಮ ಮನೆಯ ಹಾಳೆಯಲ್ಲಿ ಇತಿಹಾಸ ಮತ್ತು ಅರ್ಥಶಾಸ್ತ್ರ ಒಂದೇ ಕಾಲಂನಲ್ಲಿದ್ದವು. ಇದನ್ನು ಕೊನೆಯ ಮಾತೆಂದು ತಿಳಿದು ಒಂದನ್ನು ಬಿಟ್ಟುಬಿಡುವುದು ಅನೇಕರು ಮಾಡುವ ತಪ್ಪು. ಮಕ್ಕಳ ಮೊದಲ ಆಯ್ಕೆಗಳನ್ನು ನೋಡಿಕೊಂಡು ಕಾಲಂಗಳನ್ನು ಮತ್ತೆ ಜೋಡಿಸುವ ಶಾಲೆಗಳಿವೆ, ಆದ್ದರಿಂದ ಮೊದಲ ಸಲ ಮನಸ್ಸಿನಲ್ಲಿರುವುದನ್ನೇ ಬರೆದು ಕೊಡಬೇಕು. ನಾವೂ ಹಾಗೆಯೇ ಮಾಡಿದೆವು. ಮಾರ್ಚಿನಲ್ಲಿ ಬಂದ ಹೊಸ ಹಾಳೆಯಲ್ಲಿ ಅವೆರಡೂ ಬೇರೆಬೇರೆ ಆಗಿದ್ದವು, ಆದರೆ ಇತಿಹಾಸ ಈಗ ಸಾಹಿತ್ಯದ ಜೊತೆ ಸಿಕ್ಕಿಕೊಂಡಿತ್ತು. ಪರೀಕ್ಷಾ ಮಂಡಳಿಗಳು ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಅಂಕ ಕೊಡುವ ಮಾನದಂಡಗಳನ್ನೂ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿರುತ್ತವೆ. ಈಸ್ಟರ್ ರಜೆಯಲ್ಲಿ ಮಗಳು ಇತಿಹಾಸದ ಒಂದು ಪ್ರಶ್ನೆಯನ್ನೂ, ನೋಡದ ಕವಿತೆಯ ಮೇಲಿನ ಒಂದು ಪ್ರಶ್ನೆಯನ್ನೂ ಗಡಿಯಾರ ಇಟ್ಟುಕೊಂಡು ಬರೆದಳು. ಕವಿತೆಯ ಉತ್ತರ ಚೆನ್ನಾಗಿಯೇ ಇತ್ತು. ಆದರೆ ಇತಿಹಾಸದ ಪ್ರಬಂಧ ಮುಗಿದ ಮೇಲೂ ಅವಳು ಕುರ್ಚಿಯಿಂದ ಏಳದೆ, ತಾನು ಬಿಟ್ಟ ಒಂದು ವಾದವನ್ನು ಅಂಚಿನಲ್ಲಿ ಬರೆಯುತ್ತಾ ಕೂತಿದ್ದಳು. ಇತಿಹಾಸ, ಅರ್ಥಶಾಸ್ತ್ರ, ಗಣಿತ ಎಂದು ಅವಳೇ ತುಂಬಿ ಕಳಿಸಿದಳು.

ಮಕ್ಕಳೂ ತಂದೆತಾಯಿಗಳೂ ಬಂದು ಶಾಲೆಯನ್ನು ನೋಡುವ ಓಪನ್ ಈವ್ನಿಂಗ್‌ಗಳು ಸಾಮಾನ್ಯವಾಗಿ ಚಳಿಗಾಲಕ್ಕೆ ಮುಂಚೆ ನಡೆಯುತ್ತವೆ. ಅಲ್ಲಿ ಫಲಿತಾಂಶದ ಶೇಕಡಾವಾರು ಕೇಳುವುದಕ್ಕಿಂತ, ಹನ್ನೆರಡನೆಯ ತರಗತಿಯ ಮಗುವೊಂದು ಬರೆದು ಶಿಕ್ಷಕರು ತಿದ್ದಿದ ಪ್ರಬಂಧವನ್ನು ತೋರಿಸಿ ಎಂದು ಕೇಳುವುದು ಹೆಚ್ಚು ಉಪಯುಕ್ತ. ಯಾವ ಮಂಡಳಿ, ಯಾವ ಕಾಲಘಟ್ಟ, ಯಾವ ಕೃತಿಗಳು, ಸೇರಲು ಜಿಸಿಎಸ್‌ಇಯಲ್ಲಿ ಯಾವ ಗ್ರೇಡ್ ಬೇಕು ಎಂಬುದನ್ನೂ ಅಲ್ಲಿಯೇ ಬರೆದುಕೊಳ್ಳಬೇಕು. ಅನೇಕ ಕಡೆ ಅದೇ ವಿಷಯದಲ್ಲಿ 6 ಬೇಕೆನ್ನುತ್ತಾರೆ. ಸಮಾಜಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಹೆಚ್ಚಿನ ಮಕ್ಕಳು ಮೊದಲ ಬಾರಿಗೆ ಓದುವುದರಿಂದ ಅವಕ್ಕೆ ಇಂಗ್ಲಿಷಿನ ಗ್ರೇಡ್ ನೋಡುವುದು ಸಾಮಾನ್ಯ. ಆಗಸ್ಟಿನ ಫಲಿತಾಂಶದ ದಿನ ಆಯ್ಕೆಯನ್ನು ಬದಲಿಸಲು ಶಾಲೆಗಳು ಅವಕಾಶ ಕೊಡುತ್ತವೆ. ಸೆಪ್ಟೆಂಬರಿನ ಮೊದಲ ಕೆಲವು ವಾರಗಳಲ್ಲಿಯೂ, ಆ ತರಗತಿಯಲ್ಲಿ ಜಾಗವಿದ್ದರೆ, ಒಂದು ವಿಷಯ ಬಿಟ್ಟು ಇನ್ನೊಂದಕ್ಕೆ ಹೋಗಬಹುದು. ಆ ವಾರಗಳಲ್ಲಿ ಮಗು ಬೇಸರದ ಮಾತಾಡಿದರೆ, ಪಾಠ ಕಷ್ಟವೆನಿಸುತ್ತಿದೆಯೇ ಅಥವಾ ಆ ಬಗೆಯ ಕೆಲಸವೇ ಹಿಡಿಸುತ್ತಿಲ್ಲವೇ ಎಂದು ಬಿಡಿಸಿ ಕೇಳಬೇಕು. ಮೊದಲನೆಯದಾದರೆ ಶಿಕ್ಷಕರೊಡನೆ ಮಾತಾಡಿದರೆ ಸಾಕು. ಎರಡನೆಯದಾದರೆ ಅಕ್ಟೋಬರಿನವರೆಗೆ ಕಾಯದೆ ಸಿಕ್ಸ್ತ್ ಫಾರ್ಮ್ ಮುಖ್ಯಸ್ಥರಿಗೆ ಅದೇ ವಾರ ಪತ್ರ ಬರೆಯಬೇಕು.